ಎಡೆಯಲ್ಲಿ ಸ್ಟೌ ಪಿನ್ನು

ಮಿಡಿಗೇಶಿ
ಬುಧವಾರ, 19-11-2025

ರೀ,

ಪಾಪು ಚೆನ್ನಾಗಿದ್ದಾಳೆ. ಐದು ತಿಂಗಳಾದರೂ ಹೆಸರಿಲ್ಲದ ಮಗು, ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಈಗಲೂ ಕತ್ತು ತಿರುಗಿಸುತ್ತಾಳೆ. ನನಗೇ ನಿದ್ದೆಯಿಲ್ಲ. ಅವಳು ಮಲಗಿದರೂ ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಾ ಕೂರುತ್ತೇನೆ.

ಫೋನಿನಲ್ಲಿ ಹೇಳಿದ್ದು ಎಲ್ಲಾದರೂ ಉಳಿದುಬಿಡುತ್ತದೆ, ಕಾಗದವಾದರೆ ಓದಿ ಸುಡಬಹುದು. ಅಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವರು ಇನ್ನೊಬ್ಬರ ಕಾಗದ ಓದುವವರಲ್ಲ. ನಾಳೆ ಮಧುಗಿರಿಯಲ್ಲಿ ಅವರು ಡಿಎನ್ಎ ಪರೀಕ್ಷೆಗೆ ರಕ್ತ ಕೊಡುವ ಮೊದಲೇ ಇದನ್ನು ಓದಿ, ಹೇಗಾದರೂ ತಡೆಯಿರಿ. ಅಪ್ಪ ಸಿಪಾಯಿ ರುದ್ರಯ್ಯನವರ ಮಗನೆಂದು ತೀರ್ಪು ಕೇಳಿ ಅಪ್ಪನ ವಕೀಲರಾಗಿ ನೀವೇ ಹಾಕಿದ ದಾವೆ ಇದು. ನೀವೇ ನಮ್ಮನ್ನು ಸೋಲಿಸಿ.

ಅಪ್ಪನಿಗೆ ಸೂಜಿಯೆಂದರೆ ಭಯ ಎಂದು ಮೊದಲು ಬರೆದೆ. ಹರಿದು ಹಾಕಿದೆ. ಅಜ್ಜಿಗೆ ಹುಷಾರಿಲ್ಲ ಎಂದು ಬರೆದೆ. ಅದನ್ನೂ ಹರಿದೆ.

ತಾತನ ಅಣ್ಣನ ಮಗ ರೇಣುಕಪ್ರಸಾದನ ರಕ್ತಕ್ಕೆ ಅಪ್ಪನ ರಕ್ತ ಹೊಂದುತ್ತದೆ. ನೀವು ಅಂದುಕೊಂಡಿದ್ದು ಸರಿ. ಆದರೆ ಅದೇ ರೇಣುಕಪ್ರಸಾದ್ "ಸಿಪಾಯಿ ಸತ್ತು ಎರಡು ವರ್ಷಕ್ಕೆ ಹುಟ್ಟಿದೋನು ಅದೆಂಗ್ಲಾ ಸಿಪಾಯಿ ಮಗ ಆಯ್ತಾನೆ?" ಎಂದು ಊರ ಮುಂದೆ ಕೇಳಿ, ಕೋರ್ಟಿಗೊಂದು ಆಸ್ಪತ್ರೆ ಚೀಟಿ ಕೊಟ್ಟನಲ್ಲ, ಅದು ನೀವು ವಾದಿಸಿದಂತೆ ಸುಳ್ಳು ಚೀಟಿಯಲ್ಲ. ಅಪ್ಪ ಹುಟ್ಟಿದ್ದು 1974ರಲ್ಲೇ. ಸಾಯದೇ ಇದ್ದವರು ತಾತ.

ಮೊನ್ನೆ ಪಾಪುವಿಗೆ ನೀರು ಹಾಕುತ್ತಾ ಅಜ್ಜಿ ಹೇಳಿದಳು. ಎಪ್ಪತ್ತೊಂದರ ಯುದ್ಧದಲ್ಲಿ, ಜೊತೆಯಲ್ಲಿದ್ದವರೆಲ್ಲ ಒಂದೇ ಏಟಿಗೆ ಹೋದಾಗ, ತಾತ ಬಂದೂಕು ಬಿಸಾಡಿ ನಡೆದುಬಿಟ್ಟರಂತೆ. ಶಿರಾ ಮುಟ್ಟುವಷ್ಟರಲ್ಲಿ ಇಲ್ಲಿ ತಿಥಿ ಮುಗಿದು, ಶಾಲೆಯ ಮುಂದಿನ ಕಲ್ಲಿನಲ್ಲಿ ಹೆಸರು ಕೊರೆದಾಗಿತ್ತು. ಗುಟ್ಟಾಗಿ ಅಜ್ಜಿಯನ್ನು ಕರೆಸಿ, ಕತ್ತಿನ ಲಿಂಗ ಬಿಚ್ಚಿ ಕೊಟ್ಟರು. ಕದಿರಯ್ಯ ಎಂದು ಹೆಸರು ಬದಲಿಸಿಕೊಂಡು ಶಿರಾ ಬಸ್‌ಸ್ಟ್ಯಾಂಡಿನ ಪಕ್ಕ ಸೀಮೆಎಣ್ಣೆ ಸ್ಟೌ ರಿಪೇರಿಗೆ ಕೂತರು.

ಅಜ್ಜಿ ವರ್ಷಗಟ್ಟಲೆ ಸ್ಟೌ ಹೊತ್ತು ಬಸ್ಸು ಹತ್ತಿದಳು. ಮಧುಗಿರಿಯಲ್ಲಿ ರಿಪೇರಿಯವರಿರಲಿಲ್ಲವೇ? "ಚನ್ನಮಲ್ಲವ್ವನ ಸ್ಟೌಗೆ ಸಿರಾ ಗಾಳೀನೇ ಆಗ್ಬೇಕು ಕಣಮ್ಮ" ಎಂದು ಹೆಂಗಸರು ನಗುತ್ತಿದ್ದರಂತೆ. ಚೆನ್ನಾಗಿ ಉರಿಯುವ ಸ್ಟೌವನ್ನು ಅಜ್ಜಿ ತಾನೇ ಕೆಡಿಸಿಕೊಂಡು ಹೋಗುವುದು, ಅವರು ನಿಧಾನವಾಗಿ ಬಿಚ್ಚಿ ಇನ್ನೂ ನಿಧಾನವಾಗಿ ಜೋಡಿಸುವುದು. ಹೆಚ್ಚೂಕಮ್ಮಿ ಅಷ್ಟೇ ಅವರ ಸಂಸಾರ. ಜೊತೆಗೆ ಹೋಗುತ್ತಿದ್ದ ಅಪ್ಪನಿಗೆ ಅವರು ಸ್ಟೌ ಮಾಮ.

ಊರೆಲ್ಲ ತಾತ ಸತ್ತರೆಂದರೂ ಪಿತೃಪಕ್ಷದಲ್ಲಿ ಅಜ್ಜಿ ಅವರಿಗೆ ಎಡೆ ಇಡುತ್ತಿರಲಿಲ್ಲವಂತೆ. ಸ್ಟೌ ಮಾಮ ತೀರಿಕೊಂಡ ವರ್ಷದಿಂದ ಇಡತೊಡಗಿದಳು. ಸತ್ತವರಿಗೆ ಬೇಕಾದ್ದನ್ನು ಇಡಬೇಕಲ್ಲ: ಒಬ್ಬಟ್ಟು, ಬೀಡಿ, ಪಕ್ಕದಲ್ಲೊಂದು, ಬರ್ನರಿನ ತೂತು ಬಿಡಿಸುವ ಸ್ಟೌ ಪಿನ್ನು. ಸಣ್ಣವಳಿದ್ದಾಗ ಅದನ್ನು ನೋಡಿ ನಾನು ನಗುತ್ತಿದ್ದೆ.

ರಕ್ತ ಹೊಂದಿದರೆ ಏನಾಗುತ್ತದೆ, ವಕೀಲರೇ? ಆಗಲೇ ಸತ್ತವನು ಎಪ್ಪತ್ನಾಲ್ಕರಲ್ಲಿ ಹೇಗೆ ತಂದೆಯಾದ ಎಂದು ಕೇಳುತ್ತಾರೆ. ಓಡಿಬಂದವನು ಎನ್ನುತ್ತಾರೆ. ಕಲ್ಲಿನಿಂದ ಹೆಸರು ಕೆತ್ತಿ ತೆಗೆಯುತ್ತಾರೆ. ಸುಳ್ಳು ಹೇಳಿ ಪಿಂಚಣಿ ತಿಂದಳೆಂದು ಈ ವಯಸ್ಸಿನಲ್ಲಿ ಅಜ್ಜಿಯನ್ನು ಕಟಕಟೆಗೆ ಹತ್ತಿಸುತ್ತಾರೆ.

ರಕ್ತ ಕೊಡದಿದ್ದರೆ ಅಜ್ಜಿ ತಾನೇ ಸಾಕ್ಷಿ ಹೇಳುತ್ತಾಳಂತೆ. "ನನ್ ಮಗುಂಗೆ ಅಪ್ಪ ಸಿರಾದ ಸ್ಟೌ ರಿಪೇರಿ ಕದಿರಯ್ಯ ಅಂತೀನಿ. ಪ್ರಮಾಣ ಮಾಡಿ ಸುಳ್ಳೇಳಕಾಯ್ತದಾ? ನಿಜಾನೇ ಹೇಳ್ತೀನಿ ಬುಡು." ಊರು ಉಗಿಯುತ್ತದೆ ಅಜ್ಜಿ ಎಂದೆ. "ಉಗೀಲಿ. ಒರಸ್ಕಂಡ್ರೆ ಹೋಯ್ತದೆ. ಅವರ ಹೆಸ್ರು ಕಲ್ಲಲ್ಲಿ ಇರ್ಲಿ."

ಕೊರಟಗೆರೆಯಲ್ಲಿ ಅತ್ತೆಯವರು ಹೇಳಿದ್ದು ನನಗೆ ನೆನಪಿದೆ: ಮಗುವಿನ ಮುತ್ತಾತ ಯಾರೆಂದು ಇತ್ಯರ್ಥವಾಗುವವರೆಗೆ ತೊಟ್ಟಿಲು ಕಟ್ಟುವುದಿಲ್ಲ, ಹೆಸರಿಡುವುದಿಲ್ಲ. ಸೋತರೆ ಆ ಬಾಗಿಲು ನಮಗೆ ತೆರೆಯುವುದಿಲ್ಲ. ಗೊತ್ತಿದ್ದೇ ಕೇಳುತ್ತಿದ್ದೇನೆ. ನೀವಾದರೂ ಬಂದು ನಮ್ಮಿಬ್ಬರನ್ನು ಕರೆದುಕೊಂಡು ಹೋಗುತ್ತೀರಿ ಎಂದು ಬರೆಯಬೇಕೆಂದಿದ್ದೆ. ಕೈ ಬರಲಿಲ್ಲ.

ಪಾಪ, ಅಪ್ಪನಿಗೆ ಏನೂ ಗೊತ್ತಿಲ್ಲ. ನಾಳೆಗೆಂದು ಈಗಲೇ ಶರ್ಟು ಇಸ್ತ್ರಿ ಮಾಡಿ ನೇತುಹಾಕಿದ್ದಾರೆ.

ಇನ್ನೂ ನಿಮ್ಮವಳೇ ಎಂದುಕೊಂಡಿರುವ,
ಲೋಹಿತಾ

ವಿ.ಸೂ.: ಗುರುವಾರ ಬೆಳಿಗ್ಗೆ. ಅಂಟಿಸಿದ ಕವರನ್ನು ಮತ್ತೆ ಬಿಚ್ಚಿ ಇಷ್ಟು ಬರೆಯುತ್ತಿದ್ದೇನೆ. ಏನು ಬರೆದೆ ಎಂದು ಅಪ್ಪ ಕೇಳಲಿಲ್ಲ. ಪಾಪುವಿನ ಪಕ್ಕ ಕೂತು, "ಎಡೇಲಿ ಪಿನ್ನು ಮಡಗಿದ್ಲಲ್ಲ ನಮ್ಮವ್ವ, ಅವತ್ತೇ ಗೊತ್ತಾಯ್ತು ಕಣವ್ವಾ" ಎಂದರು. "ಓಡ್ಬಂದೋನು ಅಂದ್ರೆ ಅನ್ಲಿ, ಅವನು ಸತ್ತೋಗವ್ನೆ. ನಮ್ಮವ್ವ ಬದುಕವ್ಳೆ. ಅವಳ್ನ ಕೆಟ್ಟೋಳು ಅನ್ನಿಸ್ಬುಟ್ಟು ನಾನೆಂಗೆ ಅನ್ನ ತಿನ್ಲಿ? ಸಾಯೋಗಂಟ ಮಾಮಾ ಅಂತ್ಲೇ ಕರ್ದೆ ಅವನ್ನ. ಒಂದ್ಸಲನಾದ್ರೂ ಕೋರ್ಟ್ ಕಾಗ್ದದಲ್ಲಿ ಅವನ್ನ ನನ್ನಪ್ಪ ಅಂತ ಬರೀಲಿ ಬುಡು." ನಿಮಗೆ ಫೋನ್ ಮಾಡಿ ತಡೆಯಲೇ ಎಂದರೆ, ಯಾರನ್ನು ಉಳಿಸಲು ಯಾರನ್ನು ತಡೆಯಬೇಕೋ ನನಗೀಗ ತಿಳಿಯುತ್ತಿಲ್ಲ. ಬಸ್ಸು ಬಂದಿದೆ. ಅಪ್ಪ ಕೈ ಚಾಚಿ ನಿಂತಿದ್ದಾರೆ: "ಕೊಡು ಇಲ್ಲಿ. ನಿನ್ ಗಂಡುಂಗೆ ಕೊಡ್ತೀನಿ, ರಕ್ತ ಕೊಟ್ಟಾದ್ಮೇಲೆ."