ಇನ್ನೂರ ಹದಿನೈದನೆಯ ಮರ

ನಮ್ಮ ಕಟ್ಟಡಗಳ ಗಿಡಮರ ಮತ್ತು ಪಾರ್ಕಿಂಗ್ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ಕಟ್ಟಡದ ಹಿಂದಿರುವ ಬೇವಿನ ಮರವನ್ನು ಈ ತಿಂಗಳ ಹದಿನೆಂಟರಂದು ತೆಗೆಯುವುದಾಗಿ ನೀವು ನೋಟಿಸು ಹಾಕಿದ್ದೀರಿ. ಹಾಕಿರುವುದು ಆ ಮರದ ಕಾಂಡಕ್ಕೇ. ಅದರಲ್ಲಿರುವ ಒಕ್ಕಣೆಯ ಪ್ರಕಾರ, ಈ ಏಪ್ರಿಲ್‌ನ ಸರ್ವೆ ಪಟ್ಟಿ ನೋಡಿದರೆ ಈ ಜಾಗದಲ್ಲಿ ಮರವೇ ಇಲ್ಲ. ಇರುವುದು ‘ನೋಂದಾಯಿಸದ ಅಡಚಣೆ’. ಅದನ್ನು ತೆರವು ಮಾಡಿ ಎರಡು ಕಾರು ನಿಲ್ಲುವಷ್ಟು ಜಾಗ ಮಾಡಲಾಗುವುದು. ಇಲ್ಲದ ಮರಕ್ಕೆ ನೋಟಿಸು ಅಂಟಿಸಲು ಗೋಂದು ಹಿಡಿದದ್ದು ಹೇಗೆ ಎಂದು ನಾನು ಕೇಳುವುದಿಲ್ಲ. ಆದರೆ ಅಂಟಿಸಿ ಮುಗಿದ ಮೇಲೆ ನಿಮ್ಮ ಇಬ್ಬರು ಸಿಬ್ಬಂದಿ ಹತ್ತು ನಿಮಿಷ ಅಲ್ಲೇ ಕೂತು ನೀರು ಕುಡಿದರಲ್ಲ, ಆ ಹೊತ್ತು ಅವರ ತಲೆಯ ಮೇಲಿದ್ದ ನೆರಳು ಯಾರದು?

ಪತ್ರ ಕನ್ನಡದಲ್ಲಿರುವುದಕ್ಕೆ ಕ್ಷಮಿಸಿ. ಇಂಗ್ಲಿಷಿನಲ್ಲಿ ಮೂರು ಮಿಂಚಂಚೆ ಕಳಿಸಿದೆ. ಮೊದಲ ಎರಡಕ್ಕೆ ಯಂತ್ರವೇ ಉತ್ತರಿಸಿ ಒಂದೊಂದು ನಂಬರು ಕೊಟ್ಟಿತು. ಮರಕ್ಕೆ ನಂಬರಿಲ್ಲ, ಮರದ ಬಗ್ಗೆ ಮಾಡಿದ ದೂರಿಗೆ ಇದೆ. ಮೂರನೆಯದಕ್ಕೆ ಮನುಷ್ಯರ ಉತ್ತರ ಬಂತು, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಹಾಗಾಗಿ ಈಗ ನಮ್ಮ ಭಾಷೆಯಲ್ಲಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ದುಬೈಯಲ್ಲಿ ಮಂಗಳೂರು ಕಡೆಯವರು ಒಬ್ಬರಾದರೂ ಇಲ್ಲದ ಕಚೇರಿಯನ್ನು ನಾನಿನ್ನೂ ಕಂಡಿಲ್ಲ. ನಿಮ್ಮಲ್ಲೂ ಇರುತ್ತಾರೆ. ಅವರು ಊಟದ ಹೊತ್ತಿಗೆ ಇದನ್ನು ನಿಮಗೆ ಓದಿ ಹೇಳಲಿ. ಖಾರದ ಜಾಗಗಳನ್ನು ಬಿಟ್ಟು ಓದದಿರಲಿ.

ನನ್ನ ಪರಿಚಯ ಚಿಕ್ಕದು. ವಾಸ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಅಣ್ಣ ಅತ್ತಿಗೆಯ ಜೊತೆ, ಒಂದು ದೇಶದ ಹೆಸರಿನ ಕಟ್ಟಡಗಳ ಗುಂಪಿನಲ್ಲಿ. ಯಾವ ದೇಶ ಎಂದು ಬರೆಯುವುದಿಲ್ಲ, ಎರಡು ದೇಶಗಳ ಸಂಬಂಧ ಕೆಡುವುದು ಬೇಡ. ಓದಿದ್ದು ಕನ್ನಡ ಎಂ.ಎ. ಜನಪದ ಹಾಡುಗಳಲ್ಲಿ ಬರುವ ಮರಗಳ ಬಗ್ಗೆ ನೂರ ಹನ್ನೆರಡು ಪುಟದ ಪ್ರಬಂಧ ಬರೆದು ಒಳ್ಳೆಯ ಅಂಕ ತೆಗೆದಿದ್ದೇನೆ. ಮಾತು ಕಡಿಮೆ. ಲಿಫ್ಟಿನೊಳಗೆ ಯಾರಾದರೂ ಇದ್ದರೆ ಮೂರು ಮಹಡಿ ಮೆಟ್ಟಿಲು ಹತ್ತುತ್ತೇನೆ. ಕೆಲಸ ಜುಮೇರಾ ಲೇಕ್ ಟವರ್ಸ್‌ನ ಒಂದು ಕಚೇರಿಯಲ್ಲಿ, ಮರ ಎಣಿಸುವುದು.

ತಮಾಷೆಯಲ್ಲ. ವಿಮಾನದಿಂದ ತೆಗೆದ ಚಿತ್ರಗಳನ್ನು ಚೌಕ ಚೌಕವಾಗಿ ಕತ್ತರಿಸಿ ನಮ್ಮ ಪರದೆಗೆ ಕಳಿಸುತ್ತಾರೆ. ಪ್ರತಿ ಮರದ ತಲೆಯ ಸುತ್ತ ನಾವು ಒಂದು ಗೆರೆ ಎಳೆಯಬೇಕು. ಈ ವರ್ಷವಿಡೀ ನನ್ನ ಪಾಲಿಗೆ ಬಂದದ್ದು ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ. ಅಮೆರಿಕದ ದೊಡ್ಡ ನಗರಗಳ ಪೈಕಿ ಜನ ಅತಿ ಒತ್ತಾಗಿ ಬದುಕುವುದು ನ್ಯೂಯಾರ್ಕಿನಲ್ಲಿ, ಅದರ ಬೆನ್ನಿಗೇ ಸ್ಯಾನ್ ಫ್ರಾನ್ಸಿಸ್ಕೋ. ಒಂದು ಪೂರ್ವದ ಕಡಲಿನದು, ಇನ್ನೊಂದು ಪಶ್ಚಿಮದ್ದು. ಯಾರ ಊರು ಮೇಲು ಎಂದು ಅಲ್ಲಿನವರು ವಾದಿಸುವುದನ್ನು ನೋಡಿದರೆ ನನಗೆ ಉಡುಪಿಯವರೂ ಮಂಗಳೂರಿನವರೂ ಮೀನಿನ ಸಾರಿನ ಬಗ್ಗೆ ಆಡುವ ಜಗಳ ನೆನಪಾಗುತ್ತದೆ. ಅಬುಧಾಬಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಸಬೀನ ಕೂಡ ಹಾಗೆಯೇ. ಪ್ರತಿ ಸಲ ಬಂದಾಗಲೂ “ನಮ್ಮಲ್ಲಿ ನಡೆಯುವ ದಾರಿಗೆಲ್ಲ ನೆರಳುಂಟು, ನಿಮ್ಮದೆಂತ, ಬರೀ ಗಾಜು” ಎನ್ನುತ್ತಾಳೆ. ಅವಳ ಬಾಯಿ ಮುಚ್ಚಿಸಲು ನಾನು ಅವಳನ್ನು ಕರೆದುಕೊಂಡು ಹೋಗುತ್ತಿದ್ದದ್ದು ನಮ್ಮ ಹಿತ್ತಿಲಿನ ಬೇವಿನ ಕೆಳಗೆ.

ಈಗ ನಿಮ್ಮ ಮನುಷ್ಯರ ಉತ್ತರಕ್ಕೆ ಬರೋಣ. ಅದರಲ್ಲಿ ಎರಡು ಮಾತುಗಳಿವೆ. ಒಂದು, ‘ಜನಸಾಂದ್ರತೆ ಹೆಚ್ಚಿರುವ ಪ್ರದೇಶಗಳಲ್ಲಿ ಮರಗಳಿಗೆ ಸಹಜವಾಗಿಯೇ ಅವಕಾಶ ಕಡಿಮೆ.’ ಸಹಜವಾಗಿಯೇ! ಮಾನ್ಯರೇ, ಈ ಸಹಜವನ್ನು ನಾನು ವರ್ಷವಿಡೀ ಗೆರೆ ಎಳೆದು ನೋಡಿದ್ದೇನೆ. ಹೆಚ್ಚು ಒತ್ತಿರುವ ನ್ಯೂಯಾರ್ಕಿನಲ್ಲಿ ನೆಲದ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಎಲೆಗಳ ಕೆಳಗಿದೆ. ಅದಕ್ಕಿಂತ ಸಡಿಲವಾಗಿರುವ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು ಏಳರಲ್ಲೊಂದು ಪಾಲು. ಜನ ಹೆಚ್ಚಿದ್ದಲ್ಲೇ ಮರವೂ ಹೆಚ್ಚು. ಹಾಗಾದರೆ ಮರವನ್ನು ಓಡಿಸುವುದು ಜನವೋ, ಜನರ ಹೆಸರು ಹೇಳಿಕೊಂಡು ಬರುವ ಕಾರೋ? ನ್ಯೂಯಾರ್ಕಿನ ರಸ್ತೆಬದಿಯ ಒಂದೊಂದು ಮರಕ್ಕೂ ನಕ್ಷೆಯಲ್ಲಿ ಒಂದೊಂದು ನಂಬರಿದೆ. ಅಲ್ಲಿ ಮರಕ್ಕೆ ನಂಬರು ಕೊಡುವುದು ಉಳಿಸಿಕೊಳ್ಳಲು. ಇಲ್ಲಿ ನಂಬರು ಇಲ್ಲವೆಂಬುದೇ ಕಡಿಯಲು ಕಾರಣ.

ನಿಮ್ಮ ಎರಡನೆಯ ಮಾತು ಇನ್ನೂ ಸೊಗಸು. ‘ಈ ಮರಳಿನಲ್ಲಿ ನೀರಾವರಿ ಕೊಳವೆಯಿಲ್ಲದೆ ಮರ ಬೆಳೆಯುವುದಿಲ್ಲ. ಆ ಜಾಗದಲ್ಲಿ ನಮ್ಮ ಕೊಳವೆಯಿಲ್ಲ. ಆದ್ದರಿಂದ ಅಲ್ಲಿರುವುದು ಮರವಾಗಿರಲಾರದು.’ ತರ್ಕಶಾಸ್ತ್ರದ ಮೇಷ್ಟರು ಇದನ್ನು ಓದಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಉದ್ಯಾನವೂ ಮೊದಲು ಗಾಳಿಗೆ ಹಾರುವ ಮರಳುದಿಬ್ಬಗಳೇ ಆಗಿದ್ದವು, ನೂರೈವತ್ತು ವರ್ಷದ ಹಿಂದೆ. ಮರಳು ಬೇಡ ಅನ್ನಲಿಲ್ಲ. ನೆಟ್ಟವರು ಹಟ ಹಿಡಿದರು, ಅಷ್ಟೇ.

ನಮ್ಮ ಮರ ನೆಟ್ಟವರೂ ಹಟದವರೇ. ನೆಲಮಹಡಿಯ ಎಲ್ಸಿ ಬಾಯಿ (ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತೇವೆ), ಆಸ್ಪತ್ರೆಯೊಂದರಲ್ಲಿ ವಾರ್ಡಿನ ಕೆಲಸ. ಅವರ ಗಂಡ ಇಗ್ನೇಶಿಯಸ್, ಹೆಂಡತಿಯ ಮಾತಿನಲ್ಲಿ ಇನಾಸ್, ಹೋಟೆಲಿನಲ್ಲಿ ರಿಪೇರಿ ವಿಭಾಗದವರು. ಹನ್ನೊಂದು ವರ್ಷದ ಹಿಂದೆ ಬಾಯಿ ಒಂದು ಬೀಜ ಹುಗಿದರು. ನೀರಿಗೆ ನಿಮ್ಮ ಕೊಳವೆ ಇರಲಿಲ್ಲ, ಎ.ಸಿ.ಯ ಕೊಳವೆ ಇತ್ತು. ಬೇಸಗೆಯಲ್ಲಿ ಪ್ರತಿ ಮನೆಯ ಎ.ಸಿ.ಯಿಂದಲೂ ದಿನಕ್ಕೊಂದು ಬಕೆಟ್ ನೀರು ತೊಟ್ಟಿಕ್ಕಿ ಸಿಮೆಂಟಿನ ಮೇಲೆ ಪೋಲಾಗುತ್ತದೆ. ನಮ್ಮ ಕರಾವಳಿಯವರಿಗೆ ನೀರು ಪೋಲಾಗುವುದನ್ನು ಕಂಡರೆ ಕೈಗೆ ಕಚಗುಳಿಯಿಟ್ಟಂತಾಗುತ್ತದೆ. ಬಾಯಿ ಬಕೆಟ್ ಇಟ್ಟರು. ಪಕ್ಕದವರೂ ಇಟ್ಟರು. ಈಗ ಆರು ಮನೆಯವರು ದಿನವೂ ತಮ್ಮ ಬಕೆಟನ್ನು ತಂದು ಬುಡಕ್ಕೆ ಸುರಿಯುತ್ತಾರೆ. ಸೆಕೆ ಹೆಚ್ಚಿದಷ್ಟೂ ಎ.ಸಿ. ಹೆಚ್ಚು ಸುರಿಸುತ್ತದೆ, ಮರ ಹೆಚ್ಚು ಕುಡಿಯುತ್ತದೆ. ಊರಿಗೆ ರಜೆಯಲ್ಲಿ ಹೋಗುವವರು ಮನೆಯ ಕೀ ಜೊತೆ ಬಕೆಟನ್ನೂ ನೆರೆಯವರಿಗೆ ಒಪ್ಪಿಸಿ ಹೋಗಬೇಕು. ಇದು ಎಲ್ಲೂ ಬರೆದಿಡದ ಕಾನೂನು. ನಾನು ಬಂದ ಮೂರು ವರ್ಷದಲ್ಲಿ ಯಾರೂ ಮುರಿದದ್ದು ಕಂಡಿಲ್ಲ.

ನನ್ನ ಕೆಲಸ ಏನೆಂದು ಗೊತ್ತಾದ ದಿನ ಬಾಯಿ ನಕ್ಕಿದ್ದೇ ನಕ್ಕಿದ್ದು. “ಹೋಯ್ ಜಸೀಲಾ, ಅಮೆರಿಕದ ಅಷ್ಟೂ ಮರದ ಒಟ್ಟಿಗೆ ಇದನ್ನೂ ಒಂದು ಸೇರಿಸಿಬಿಡು ಮಾರಾಯ್ತಿ. ನ್ಯೂಯಾರ್ಕಿನವರಿಗೆ ಒಂದು ಜಾಸ್ತಿ ಆದ್ರೆ ಗೊತ್ತಾಗ್ತದಾ?”

ಇಗ್ನೇಶಿಯಸ್ ಒಳಗಿನಿಂದಲೇ ತಿದ್ದಿದರು. “ನ್ಯೂಯಾರ್ಕಿಗೆ ಬೇಡ. ಆ ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಕೊಡು. ಪಾಪ, ಅವರಿಗೆ ಕಮ್ಮಿ ಉಂಟಲ್ಲ?”

ನೋಟಿಸು ಬಂದ ಮರುದಿನ ಬೆಳಿಗ್ಗೆ ನಾವು ಎಂದಿನಂತೆ ಅದೇ ಮರದ ಕೆಳಗೆ ಕೂಡಿದೆವು. ಮೇಲಿನ ಮಹಡಿಯ ಝಹೀರ್ ತನ್ನ ಕಾರಿನಲ್ಲಿ ನಮ್ಮನ್ನು ಮೆಟ್ರೋವರೆಗೆ ಬಿಡುತ್ತಾನೆ. ಅವನು ಸ್ಟೇರಿಂಗ್ ಹಿಡಿದವನೇ ಶುರು ಮಾಡಿದ. “ಸರ್ವೆಯಲ್ಲಿ ಇಲ್ಲವಂತೆ! ಇಷ್ಟು ದೊಡ್ಡ ಮರ ಕಾಣದವನು ಯಾವನು ಆ ಸರ್ವೆ ಮಾಡಿದ್ದು? ಅವನ ಕಣ್ಣೆಂತ ಫ್ರಿಜ್ಜಿನಲ್ಲಿ ಇಟ್ಟು ಬಂದಿದ್ದನಾ?”

ಮುಂದೆ ಕೂತಿದ್ದ ಎಲ್ಸಿ ಬಾಯಿ, “ಸಿಕ್ಕಿದ್ರೆ ಹೇಳು. ಈ ಕೈಯಲ್ಲಿ ಎರಡು ಕೊಡ್ಲಿಕ್ಕುಂಟು” ಎಂದರು.

“ಎರಡು ಸಾಕಾ ಬಾಯಿ? ಯಲ್ಲಾ, ನಡೀರಿ, ನಾನೂ ಸೇರ್ತೇನೆ.”

ಹಿಂದಿನ ಸೀಟಿನಲ್ಲಿ ನಾನು ಸುಮ್ಮನಿದ್ದೆ. ನಾನು ಯಾವಾಗಲೂ ಸುಮ್ಮನಿರುತ್ತೇನೆ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಆ ದಿನ ಕಚೇರಿ ತಲುಪಿದವಳೇ ಏಪ್ರಿಲ್ ತಿಂಗಳ ಒಂದು ಕಡತ ತೆರೆದೆ.

ಮಾನ್ಯರೇ, ಇಲ್ಲಿಯವರೆಗೆ ನಿಮ್ಮನ್ನು ಹಾಸ್ಯ ಮಾಡಿದ್ದಾಯಿತು. ಈಗ ನನ್ನ ಸರದಿ. ಏಪ್ರಿಲ್‌ನಲ್ಲಿ ಅಮೆರಿಕದ ಚೌಕಗಳ ನಡುವೆ ಹೆಸರಿಲ್ಲದ ಒಂದಿಷ್ಟು ಚೌಕಗಳು ನನಗೆ ಬಂದಿದ್ದವು. ನೆಲದ ಬಣ್ಣ ನೋಡಿ ಇಲ್ಲೇ ಎಲ್ಲೋ ಎಂದುಕೊಂಡೆ. ಎಲ್ಲಿಯದು ಎಂದು ಕೇಳಲಿಲ್ಲ. ಕೇಳಬೇಕಾದರೆ ನನ್ನ ಕುರ್ಚಿಯಿಂದ ಎದ್ದು ಏಳು ಜನರನ್ನು ದಾಟಿ ಹೋಗಬೇಕಿತ್ತು. ಒಂದು ಚೌಕದಲ್ಲಿ ದುಂಡನೆಯ ಹಸಿರಿತ್ತು, ಹಸಿರಿನ ಅಂಚಿನಿಂದ ಹೊರಕ್ಕೆ ಐದು ಬಿಳಿ ಪಟ್ಟಿಗಳಿದ್ದವು, ಪಕ್ಕದಲ್ಲಿ ಒಂದು ಕೆಂಪು ಚೌಕ. ನಮ್ಮ ಕೈಪಿಡಿಯ ನಿಯಮ ಹೀಗಿದೆ: ಹಸಿರಿಗೆ ನೇರ ಅಂಚಿನ ಬಟ್ಟೆಗಳು ಕಟ್ಟಿದ್ದರೆ ಅದು ಹಸಿರು ಬಲೆಯ ತಾತ್ಕಾಲಿಕ ಚಪ್ಪರ, ಮರವೆಂದು ಎಣಿಸಬೇಡಿ. ನಾನು ಎಣಿಸಲಿಲ್ಲ. ನೆಲದಲ್ಲಿ ಹರಡಿದ್ದ ಆ ಕೆಂಪು ಏನೆಂದು ಯೋಚಿಸದೆಯೇ ಮುಂದಿನ ಚೌಕಕ್ಕೆ ಹೋದೆ. ಆ ಪುಟದ ಕೆಳಗೆ ಇರುವ ಸಹಿ ನನ್ನದೇ. ನಿಮ್ಮ ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕು ಮರಗಳಿವೆ. ಇನ್ನೂರ ಹದಿನೈದನೆಯದನ್ನು ಬಿಟ್ಟವಳು ನಾನು.

ಸಂಜೆ ಚಿತ್ರದ ಪ್ರತಿ ಹಿಡಿದು ಎಲ್ಸಿ ಬಾಯಿಯ ಬಾಗಿಲು ತಟ್ಟಿದೆ. ಬದುಕಿನಲ್ಲಿ ನಾನಾಗಿ ಇನ್ನೊಬ್ಬರ ಬಾಗಿಲು ತಟ್ಟಿದ್ದು ಬಹುಶಃ ಅದೇ ಮೊದಲು. ಬಾಯಿ ಕನ್ನಡಕ ಏರಿಸಿ ನೋಡಿದರು.

“ಅರೆ, ಇದು ನನ್ನ ಬೆಡ್‌ಶೀಟು! ಶನಿವಾರ ಒಗೆದದ್ದು. ಮತ್ತೆ ಇದು ಮೆಣಸು, ಬಫಾತ್ ಮಸಾಲೆ ಪುಡಿಗೆ ಒಣಗ್ಲಿಕ್ಕೆ ಹಾಕಿದ್ದು. ಇನಾಸ್, ಇಲ್ಲಿ ಬಾ, ನಮ್ಮ ಮೆಣಸು ವಿಮಾನಕ್ಕೆ ಕಂಡಿದೆ!” ಆಮೇಲೆ ನನ್ನ ಮುಖ ನೋಡಿದರು. “ನೀನೆಂತ ಅಳ್ತಿದ್ದಿ?”

ಹೇಳಿದೆ. ಪೂರ್ತಿ ಹೇಳಿದೆ. ಬಾಯಿ ಕನ್ನಡಕ ತೆಗೆದು ಮಡಿಸಿದರು.

“ಅಲ್ಲ ಮಾರಾಯ್ತಿ, ದಿನಾ ಇದರ ಕೆಳಗೇ ನಿಲ್ತಿಯಲ್ಲ, ಗುರ್ತ ಸಿಗ್ಲಿಲ್ವಾ?”

“ಮೇಲಿಂದ ಯಾವತ್ತೂ ನೋಡಿರಲಿಲ್ಲ ಬಾಯಿ.”

“ಮೇಲಿಂದ ನೋಡ್ಲಿಕ್ಕೆ ನೀನೆಂತ ಕಾಗೆಯಾ?”

ಇಗ್ನೇಶಿಯಸ್ ನಕ್ಕರು. ಬಾಯಿ ನಗಲಿಲ್ಲ. ಒಳಗೆ ಹೋಗಿ ನೀಲಿ ಬಕೆಟ್ ತಂದು ನನ್ನ ಕೈಗಿಟ್ಟರು. ತಮ್ಮನ ಮಗಳ ಮದುವೆಗೆ ಅವರಿಬ್ಬರೂ ಹದಿನೈದಕ್ಕೆ ಊರಿಗೆ ಹೊರಡುತ್ತಾರೆ. “ಈ ಸಲ ನಿನ್ನ ಪಾಳಿ. ನಾನು ಬರುವಾಗ ಮರ ಇರ್ಬೇಕು. ಅದಕ್ಕಿಂತ ಜಾಸ್ತಿ ನಾನೆಂತ ಹೇಳುವುದಿಲ್ಲ.” ಎರಡು ಕೊಡುವ ಮಾತು ಆಡಲೇ ಇಲ್ಲ. ಕೊಟ್ಟಿದ್ದರೆ ಒಳ್ಳೆಯದಿತ್ತು.

ತಪ್ಪು ನನ್ನದಾದರೆ ತಿದ್ದುವುದೂ ನನ್ನದೇ ಅಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡು, ಆ ಏಳು ಜನರನ್ನು ದಾಟಿ ನಮ್ಮ ತಂಡದ ಹಿರಿಯರ ಮೇಜಿಗೆ ಹೋದೆ. ತಮ್ಮ ಹೆಸರು ಎಲ್ಲೂ ಬರಕೂಡದು ಎಂದಿದ್ದಾರೆ, ಆದ್ದರಿಂದ ಅವರು ಹಿರಿಯರು, ಅಷ್ಟೇ. ಅವರು ಚಿತ್ರ ನೋಡಿ ಹಣೆ ಉಜ್ಜಿಕೊಂಡರು. “ಮರವೇ ಹೌದು. ಆದ್ರೆ ಕೊಟ್ಟು ಮುಗಿದ ಪಟ್ಟಿಯನ್ನು ನಾವಾಗಿ ತೆರೆಯುವ ಹಾಗಿಲ್ಲ. ಆ ಕಡೆಯಿಂದ ಕೇಳ್ಬೇಕು. ಕೇಳಿದ್ರೆ ಐದು ನಿಮಿಷದ ಕೆಲಸ.” ನಿಮ್ಮ ಕಚೇರಿಗೆ ಫೋನು ಮಾಡಿದೆ. ಫೋನು ಎಂದರೆ ನನಗೆ ಲಿಫ್ಟಿಗಿಂತ ಭಯ. ನಿಮ್ಮವರು ಬಹಳ ಸೌಜನ್ಯದಿಂದ ಹೇಳಿದರು: ಪಟ್ಟಿಯಲ್ಲಿ ಮರವಿಲ್ಲ, ಆದ್ದರಿಂದ ಅದರ ಬಗ್ಗೆ ಸರ್ವೆಯವರನ್ನು ಕೇಳಲು ನಮಗೆ ಕಾರಣವಿಲ್ಲ.

ಅಂದರೆ, ಕೇಳಿದರೆ ಮರವಿದೆ. ಮರವಿದ್ದರೆ ಕೇಳಬಹುದು. ಈ ಎರಡು ವಾಕ್ಯಗಳ ನಡುವೆ ಹನ್ನೊಂದು ವರ್ಷದ ಬೇವೊಂದು ನೋಟಿಸು ಅಂಟಿಸಿಕೊಂಡು ನಿಂತಿದೆ.

ತಪ್ಪನ್ನು ಹೀಗೆ ಊರಿಗೆಲ್ಲ ಕೇಳುವಂತೆ ಒಪ್ಪಿಕೊಂಡ ಮೇಲೆ ಕಚೇರಿಯಲ್ಲಿ ನನ್ನ ಕುರ್ಚಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅಣ್ಣ ಮೂರು ಸಲ ಹೇಳಿದ, “ವೀಸಾ ಅವರ ಕೈಯಲ್ಲುಂಟು, ನೆನಪಿರಲಿ.” ನೆನಪಿದೆ. ಆದರೆ ಕೇಳದೆ ಕೂತ ಒಂದು ಮಧ್ಯಾಹ್ನದಿಂದಲೇ ಇಷ್ಟೆಲ್ಲ ಆದದ್ದು. ಎರಡನೆಯ ಸಲವೂ ಸುಮ್ಮನೆ ಕೂರಲಾರೆ.

ನನ್ನ ಬೇಡಿಕೆ ಅಮೆರಿಕದಷ್ಟು ದೊಡ್ಡದಲ್ಲ. ಐದರಲ್ಲೊಂದು ಪಾಲು ನೆರಳು ಕೊಡಿ ಎಂದು ಕೇಳುತ್ತಿಲ್ಲ, ಏಳರಲ್ಲೊಂದೂ ಬೇಡ. ಸರ್ವೆ ಮಾಡಿದವರಿಗೆ ಒಂದು ಸಾಲು ಬರೆಯಿರಿ: ‘ಆ ಚೌಕವನ್ನು ಇನ್ನೊಮ್ಮೆ ನೋಡಿ.’ ಅಷ್ಟೇ. ನೋಡುವವಳು ನಾನೇ. ಈ ಸಲ ಬೆಡ್‌ಶೀಟನ್ನು ಬೆಡ್‌ಶೀಟೆಂದೂ ಮೆಣಸನ್ನು ಮೆಣಸೆಂದೂ ಗುರುತಿಸಿ, ಉಳಿದದ್ದರ ಸುತ್ತ ಗೆರೆ ಎಳೆಯುತ್ತೇನೆ. ಅಷ್ಟರವರೆಗೆ ಹದಿನೆಂಟನೇ ತಾರೀಕನ್ನು ಮುಂದೂಡಿ. ಕಾಗದದ ಮೇಲೆ ನಂಬಿಕೆ ಬಾರದಿದ್ದರೆ ಒಂದು ಮಧ್ಯಾಹ್ನ ಒಂದು ಗಂಟೆಗೆ ನೀವೇ ಬನ್ನಿ. ಮೊದಲು ನೀವು ಮಾಡಲಿರುವ ಪಾರ್ಕಿಂಗ್ ಜಾಗದಲ್ಲಿ ಐದು ನಿಮಿಷ ನಿಲ್ಲಿ. ಆಮೇಲೆ ಆ ಅಡಚಣೆಯ ಕೆಳಗೆ ಐದು ನಿಮಿಷ ನಿಲ್ಲಿ. ಯಾವುದು ಮರ ಎಂದು ಆಗ ಪಟ್ಟಿ ಬೇಕಾಗುವುದಿಲ್ಲ.

ಬರದಿದ್ದರೂ ಸರಿ, ಹದಿನೆಂಟಕ್ಕೆ ನಿಮ್ಮ ಸಿಬ್ಬಂದಿ ಹೇಗೂ ಬರುತ್ತಾರೆ. ಅವರಿಗೆ ಮುಂಚಿತವಾಗಿ ತಿಳಿಸಿಡಿ, ಬುಡದಲ್ಲಿ ಒಬ್ಬಳು ನಿಂತಿರುತ್ತಾಳೆ. ಜಗಳ ಮಾಡುವುದಿಲ್ಲ, ನನಗೆ ಬರುವುದೂ ಇಲ್ಲ. ಬೆಳಿಗ್ಗೆ ಆರಕ್ಕೆ ಬಕೆಟ್ ತುಂಬಿರುತ್ತದೆ, ಅದನ್ನು ಸುರಿಯಬೇಕು. ಪಾಳಿ ನನ್ನದು.

ಇಂತಿ,
ಕಾಣದ ಎರಡು ಊರುಗಳ ಮರ ಎಣಿಸಿ, ದಿನವೂ ನಿಲ್ಲುವ ಮರವನ್ನು ಬಿಟ್ಟವಳು,
ಸದ್ಯಕ್ಕೆ ಎಲ್ಸಿ ಬಾಯಿಯ ನೀಲಿ ಬಕೆಟಿನ ಜವಾಬ್ದಾರಿ ಹೊತ್ತವಳು,
ಜಸೀಲ