ಬಂಡೆಯ ಚೀಟಿ

ಅಪ್ಪಾ,

ನಿನಗ ಸೇರೋ ಸುದ್ದಿನೇ ಮೊದ್ಲು ಹೇಳಿಬಿಡ್ತೀನಿ. ಹೋದ ಶನಿವಾರ ಚಿತ್ತಾಪುರದಾಗ ನಮ್ಮ ಕಡಿ ಸಭೆಗಳವರೆಲ್ಲ ಸೇರಿ ಪುಸ್ತಕದ ಪ್ರದರ್ಶನ ಇಟ್ಟಿದ್ರು. ಉದ್ದ ಟೇಬಲ್ ತುಂಬ ಸತ್ಯವೇದ ಓದೋರ ಸಲುವಾಗಿ ಬಂದ ಹೊಸ ಪುಸ್ತಕ. ನಾಕು ಸಂಪುಟದ ವ್ಯಾಖ್ಯಾನ ಕನ್ನಡದಾಗೇ ಬಂದದ. ಸತ್ಯವೇದದಾಗ ಬರೋ ದೇಶದ ಹೊಳಿ, ಗುಡ್ಡ, ದಾರಿ ತೋರಿಸೋ ಬಣ್ಣದ ನಕಾಶಿಗಳ ಪುಸ್ತಕ ಬಂದದ. ನೀ ಇದ್ದಿದ್ರ ಅಲ್ಲೇ ನೆಲದ ಮ್ಯಾಲ ಕುಂತು ಸಂಜಿತನಕ ಏಳ್ತಿದ್ದಿಲ್ಲ. ಊಟಕ್ಕ ನಾನೇ ರೆಟ್ಟಿ ಹಿಡಿದು ಎಬ್ಬಸಬೇಕಾಗ್ತಿತ್ತು.

ಊಟ ಆದ ಮ್ಯಾಲ ಒಬ್ಬರು ಮೇಷ್ಟ್ರು ಪಡದಿ ಮ್ಯಾಲ ಫೋನ್ ತೋರಿಸಿ ಪಾಠ ಮಾಡಿದ್ರು. ಒಂದು ವಚನದ ಮ್ಯಾಲ ಬೆರಳಿಟ್ರ ಐದಾರು ಅನುವಾದ ಬಾಜೂ ಬಾಜೂ ಬರ್ತಾವ. ಒಂದು ಶಬ್ದ ಹೊಡದ್ರ ಅದು ಎಲ್ಲೆಲ್ಲಿ ಬಂದದ ಅಂತ ಪೂರಾ ಪಟ್ಟಿ ಬರ್ತದ. ಎಲ್ಲಾರೂ ಬಾಯಿ ತೆಗೆದು ನೋಡ್ಲಿಕತ್ತಿದ್ರು. ನಾ ಹಿಂದಿನ ಸಾಲಿನ್ಯಾಗಿಂದ ಎದ್ದು ಕೇಳ್ದೆ, "ಇದನ್ನ ಅಚ್ಚಿನ ಪುಸ್ತಕದ ಜೋಡಿ ತಾಳೆ ಹಾಕಿ ನೋಡೀರೇನ್ರಿ ಸರ್?" ಅವರು ನಕ್ಕು, "ಯಾಕ್ರಿ ಟೀಚರ್, ಮಶೀನಿನ ಮ್ಯಾಲ ಅನುಮಾನ ಏನ್ರಿ?" ಅಂದ್ರು. ಮಶೀನಿನ ಮ್ಯಾಲ ಅಲ್ರಿ, ನನ್ನ ಮ್ಯಾಲ ಅನಬೇಕು ಅನಿಸ್ತು. ಅನಲಿಲ್ಲ. ಅದನ್ನ ಮೊದ್ಲು ನಿನಗೇ ಹೇಳಬೇಕಲ್ಲ.

ನಾ ನಾಕನೇತ್ತೆ ಇದ್ದಾಗಿನ ಮಾತು ನೆನಪದ ನನಗ. ವಾಡಿ ಮನ್ಯಾಗ ನೀ ಕತ್ತರಿ ಹಿಡಿದು ಸಿಮೆಂಟ್ ಚೀಲದ ಕಾಗದ ಕತ್ತರಸ್ತಿದ್ದಿ. ಧೂಳ ಝಾಡಿಸಿ, ಒರಸಿ, ಅಂಗೈ ಅಗಲದ ಚೀಟಿ ಮಾಡ್ತಿದ್ದಿ. ಒಂದು ಶಬ್ದಕ್ಕ ಒಂದು ಚೀಟಿ ಇರ್ತಿತ್ತು. ಮ್ಯಾಲ ಶಬ್ದ, ಕೆಳಗ ಅದು ಸತ್ಯವೇದದಾಗ ಬಂದ ಜಾಗ ಒಂದೊಂದೇ. ಹಗಲೆಲ್ಲ ರಾವೂರ ಖಣ್ಯಾಗ ಫರಸಿಕಲ್ಲು ಎಬ್ಬಿಸಿ ಬಂದಾಂವ, ಸಂಜೀಕ ಚಾ ಕುಡಿದು ಇದಕ್ಕ ಕುಂದರ್ತಿದ್ದಿ. "ಇಂಗ್ಲಿಷ್ ಬಲ್ಲೋರಿಗಿ ಇಂಥಾ ಪುಸ್ತಕ ಬೇಕಾದಷ್ಟವ. ನಮ್ಮ ಮಂದಿಗಿ ಯಾರು ಮಾಡಿ ಕೊಡ್ತಾರ?" ಅಂತಿದ್ದಿ. ಅವ್ವ ಅಡಗಿಮನ್ಯಾಗಿಂದ, "ಈ ಜೀವ ಹಗಲಿಗಿ ಕಲ್ಲು ಎಣಸ್ತದ, ಸಂಜಿಗಿ ಅಕ್ಷರ ಎಣಸ್ತದ, ಮನಿ ಮಂದಿ ಎಷ್ಟದಾರ ಅಂತ ಒಮ್ಮೆ ಎಣಸಂಗಿಲ್ಲ" ಅಂತಿದ್ಳು. ನೀ ನಗತಿದ್ದಿ, ಚೀಟಿ ಬಿಡ್ತಿದ್ದಿಲ್ಲ. ಹನ್ನೊಂದು ಬಿಸ್ಕತ್ ಡಬ್ಬಿ ತುಂಬಿದ್ವು.

ಒಮ್ಮೆ ರಜಾದಾಗ ನನ್ನ ಖಣಿಗಿ ಕರಕೊಂಡು ಹೋಗಿದ್ದಿ. ಅವತ್ತು ಲಾರಿಗಿ ಹೇರಿದ ಫರಸಿ ಲೆಕ್ಕದಾಗ ಒಂದು ಫರಕ ಬಂತು. ಲಾರಿಯವ ಒಂದು ಅಂದ, ನೀ ಒಂದು ಅಂದಿ. ಯಾರೂ ಜಗಳ ಆಡಲಿಲ್ಲ. ನಿಮ್ಮಲ್ಲಿ ಒಂದು ರೂಢಿ ಇತ್ತಲ್ಲ, ಬರದಿಟ್ಟ ಲೆಕ್ಕ ನೋಡೋದಲ್ಲ, ಇಬ್ಬರೂ ಹೋಗಿ ಒಂದೊಂದು ಕಲ್ಲಿಗೂ ಕೈ ಮುಟ್ಟಿಸಿ ಮತ್ತ ಎಣಸೋದು. ಕೈ ಮುಟ್ಟಲಾರದ ಕಲ್ಲು ಲೆಕ್ಕಕ್ಕ ಇಲ್ಲ. ಬಿಸಿಲಿನ್ಯಾಗ ನಿಂತು ನಾ ನೋಡೀನಿ. ನೋಡಿ ಏನು ಕಲ್ತೆ?

ನಿನ್ನ ಕಣ್ಣು ಕಾಣದಂಗಾದ ವರ್ಷದ ಮಾತಿಗಿ ಬರ್ತೀನಿ. ಇನ್ನ ತಿರುಗಿ ಬರಂಗಿಲ್ಲ ಅಂತ ಡಾಕ್ಟರ್ ಹೇಳಿದ್ರು. ನಾನೇ ಫೋನ್‌ದಾಗ ಕನ್ನಡ ಸತ್ಯವೇದದ ಆ್ಯಪ್ ಹಾಕಿ, ಓದಿಸಿ ಕೇಳಿಸ್ದೆ. ನಿನಗ ಖುಷಿ ಆಯ್ತು. ಅದೇ ಹುರುಪಿನ್ಯಾಗ ನಿನ್ನ ದೊಡ್ಡ ಸತ್ಯವೇದ ಪುಸ್ತಕ ಸೇಡಂ ಕಡಿ ಮುಧೋಳದ ಸಭೆಗಿ ಕೊಡೂಣು ಅಂದೆ. ಅಲ್ಲಿ ತಗಡಿನ ಪ್ರಾರ್ಥನಾ ಗುಡಿ, ಇಪ್ಪತ್ತು ಮಂದಿ, ಒಂದು ಒಳ್ಳೆ ಪುಸ್ತಕ ಇದ್ದಿಲ್ಲ. ನೀ ಅದರ ಮ್ಯಾಲ ಕೈ ಆಡಿಸಿ, "ಓದೋರ ಹತ್ರ ಇರಲಿ" ಅಂದಿ. ಹಿಂಗ ಮನ್ಯಾಗಿನ ಅಚ್ಚಿನ ಪುಸ್ತಕ ನಾನೇ ಹೊರಗ ಕಳಿಸ್ದೆ.

ಆಮ್ಯಾಲ ಒಂದು ಐತವಾರ ಮಧ್ಯಾಹ್ನ ನೀ ಚೀಟಿ ಡಬ್ಬಿ ತಗಿಸ್ದಿ. "ನಿನ್ನ ಫೋನ್ ಬರೋಬ್ಬರಿ ಅದ ಏನು ನೋಡೂಣು" ಅಂದಿ. ನಾ ಚೀಟಿ ಓದೋದು, ಫೋನ್‌ದಾಗ ಹುಡುಕೋದು. ಶಬ್ದ ಶಬ್ದ ತಾಳೆ ಆಯ್ತು. ಮೊದ್ಲಿನ ಚೀಟಿಗಳಾಗ ಒಂದೂ ತಪ್ಪಿರಲಿಲ್ಲ, ಅಪ್ಪಾ. ನಾ ಶಹಾಬಾದಿನ ಸಾಲ್ಯಾಗ ಇಷ್ಟು ವರ್ಷ ಮಕ್ಕಳ ನೋಟ್‌ಬುಕ್ ತಿದ್ದೀನಿ, ಅಷ್ಟು ಸ್ವಚ್ಛ ಕೆಲಸ ನೋಡಿಲ್ಲ. "ಬಂಡೆ" ಅನ್ನೋ ಚೀಟಿಗಿ ಬಂದಾಗ ನಿನ್ನ ಲೆಕ್ಕಕ್ಕಿಂತ ಫೋನ್‌ದಾಗ ಒಂದು ಕಮ್ಮಿ ಬಂತು. ಯಾವ ಜಾಗ ಅಂತ ತೆಗೆದು ನೋಡ್ದೆ. ಸತ್ಯವೇದದ ಕೀರ್ತನೆಗಳೊಳಗಿನ ಆ ವಚನ. ಖಣಿ ಕೆಲಸದವರು ಯಾರೇ ತೀರಿಕೊಳ್ಳಲಿ, ಮಣ್ಣು ಕೊಡೋ ಮೊದ್ಲು ನೀ ಓದ್ತಿದ್ದ ವಚನ ಅದು. ಫೋನ್‌ದಾಗ ಆ ವಚನ ಇತ್ತು, ಅದರಾಗ ಬಂಡೆ ಇದ್ದಿಲ್ಲ.

"ನಮ್ಮ ಗುಡ್ಯಾಗಿನ ಅಚ್ಚಿನ ಪುಸ್ತಕ ನೋಡು" ಅಂದಿ ನೀನು. "ಮುಂದಿನ ವಾರ ನೋಡಿ ಬಾ."

ಮುಂದಿನ ಐತವಾರ ನಾ ಮಕ್ಕಳ ಪಾಠದಾಗ ಸಿಕ್ಕೊಂಡೆ, ಆಮ್ಯಾಲ ಯಾರೋ ಮಾತಿಗಿ ನಿಂತ್ರು, ಗುಡಿ ಕೀಲಿ ಹಾಕಿದ್ರು. ಮನಿಗಿ ಬಂದ ಕೂಡಲೇ ನೀ ಬಾಗಿಲದಾಗೇ ಕೇಳ್ದಿ. "ನೋಡ್ದೆ ಅಪ್ಪಾ, ಇಲ್ಲ" ಅಂದೆ. ಚಪ್ಪಲಿ ಬಿಡ್ತಾ ಬಿಡ್ತಾ ಅಂದೆ. ಖರೇ ಹೇಳ್ತೀನಿ, ನಾ ಪುಸ್ತಕ ಮುಟ್ಟಿರಲಿಲ್ಲ. ಫೋನ್ ತಪ್ಪಂಗಿಲ್ಲ ಅಂತ ನನಗ ಅಷ್ಟು ಖಾತ್ರಿ ಇತ್ತು. ನೀ ಖಣ್ಯಾಗ ದುಡಿದಾಂವ, ನಿನಗ ಎಲ್ಲಾ ಕಡಿ ಬಂಡೆನೇ ಕಂಡಿರಬೇಕು ಅಂತ ಮನಸ್ಸಿನ್ಯಾಗ ನಕ್ಕಿದ್ದೆ ಸಹ. ನೀ ಆ ಚೀಟಿ ನನ್ನ ಕೈಗಿ ಕೊಟ್ಟು, "ಕೆಂಪು ಪೆನ್ನಿಲೆ ಹೊಡಿ" ಅಂದಿ. ಆ ಸಾಲಿನ ಮ್ಯಾಲ ಗೆರಿ ಹೊಡದು "ತಪ್ಪು" ಅಂತ ಬರದೆ.

ಅಷ್ಟಕ್ಕೇ ಮುಗಿದಿದ್ರ ಒಂದು ಮಾತು. ಮುಂದಿನ ವಾರ ಆರಾಧನಿ ನಡಿವಾಗ ನೀ ಎದ್ದು ನಿಂತಿ. ಅವತ್ತು ನಮ್ಮ ಸಭಾಪಾಲಕ ಅಯ್ಯನವರು ಚಿಂಚೋಳಿ ಕಡಿ ಸಭೆಗಿ ಹೋಗಿದ್ರು, ಕುಂತವರ ಕೈಯಾಗೆಲ್ಲ ಅದೇ ಆ್ಯಪ್. ಬೆಂಚಿನ ಬೆನ್ನು ಹಿಡಕೊಂಡು, "ಸತ್ತವರ ಮುಂದ ನಾ ಇಷ್ಟು ವರ್ಷ ಬಂಡೆ ಅಂತ ಇಲ್ಲದ ಮಾತು ಸೇರಿಸಿ ಓದೀನಿ. ನಿಮ್ಮ ಮನಿ ಮಂದಿ ಮಣ್ಣಿನ್ಯಾಗ ಓದೀನಿ. ಮಾಫ್ ಮಾಡ್ರಿ" ಅಂದಿ. ನಿನ್ನ ಜೋಡಿ ಖಣ್ಯಾಗ ಕೆಲಸ ಮಾಡಿದ ಶಾಂತಮ್ಮ ಕುಂತಲ್ಲೇ, "ಅಣ್ಣಾ, ಆ ಬಂಡೆ ನಂಗ ಬಾಯಿಪಾಠ ಅದ. ನನ್ನ ಗಂಡ ಹೋದಾಗ ಅದ್ರ ಮ್ಯಾಲೇ ನಾ ಉಳದೀನಿ. ಅದು ಹೆಂಗ ಇರಂಗಿಲ್ಲ?" ಅಂದ್ಳು. ನೀ ಅಂದಿ, "ನನ್ನಿಂದನೇ ಕಲ್ತಿ ತಂಗಿ. ನಾ ತಪ್ಪು ಕಲಿಸೀನಿ." ಆಕಿ ಸೆರಗು ಬಾಯಿಗಿ ಹಿಡಕೊಂಡ್ಳು. ನಾ ನಿನ್ನ ಬಾಜೂಕೇ ಕುಂತಿದ್ದೆ. ಆಗರೆ ಎದ್ದು ಹೇಳಬಹುದಿತ್ತು, ನಾ ನೋಡಿಲ್ಲ ಅಂತ. ಗುಡ್ಯಾಗಿನ ಪುಸ್ತಕ ಹತ್ತು ಹೆಜ್ಜಿ ಮ್ಯಾಲ ಇತ್ತು, ಅಪ್ಪಾ, ಹತ್ತೇ ಹೆಜ್ಜಿ...

ನೀ ಹೋದ ದಿನ ಮಂದಿ ಭಾಳ ಬಂದಿದ್ರು. ರಾವೂರದವರು ಕೆಲಸ ಬಿಟ್ಟು ಬಂದಿದ್ರು. ಮಣ್ಣು ಕೊಡೋ ಹೊತ್ತಿಗಿ ಯಾವ ವಚನ ಓದಬೇಕು ಅಂತ ಅಯ್ಯನವರು ನನ್ನ ಕಡಿ ನೋಡಿದ್ರು. ಎಲ್ಲಾರ ಮಣ್ಣಿನ್ಯಾಗ ನೀ ಓದಿದ್ದು ನಿನ್ನ ಮಣ್ಣಿನ್ಯಾಗ ಓದ್ಲಿಕ್ಕ ಯಾರಿಗೂ ಬಾಯಿ ಬರಲಿಲ್ಲ, ನೀನೇ ತಪ್ಪು ಅಂದಿದ್ದಿಯಲ್ಲ. ಬ್ಯಾರೆ ಯಾವುದೋ ಓದಿದ್ರು. ಯಾವುದು ಅಂತ ನನಗ ಈಗ ನೆನಪೂ ಇಲ್ಲ.

ಮೂರು ತಿಂಗಳಾದ ಮ್ಯಾಲ ಮುಧೋಳದ ಹೆಣ್ಮಕ್ಕಳು ನನ್ನ ಕರದ್ರು, ಫೋನ್‌ದಾಗ ಓದೋದು ಕಲಿಸ್ರಿ ಅಂತ. ಹೋದೆ. ಕಲಿಸಿ ಮುಗಿದ ಮ್ಯಾಲ ಒಬ್ಬಾಕಿ, "ನಿಮ್ಮಪ್ಪ ನಮ್ಮ ಮಾವನ ಮಣ್ಣಿನ್ಯಾಗ ಓದಿದ್ದು ಓದ್ರಿ ಟೀಚರ್" ಅಂದ್ಳು. ನಾ ಫೋನ್ ನೋಡಿ, ಇದ್ದಷ್ಟು ಓದ್ದೆ. ರತ್ನಮ್ಮ ಅಂತ ಒಬ್ಬಾಕಿ, ಫೋನ್ ಇಲ್ಲದಾಕಿ, ನಿನ್ನ ದೊಡ್ಡ ಪುಸ್ತಕ ತೊಡಿ ಮ್ಯಾಲ ಇಟ್ಕೊಂಡು ಬೆರಳು ಹಚ್ಚಿ ಹಚ್ಚಿ ನನ್ನ ಜೋಡಿ ಓದ್ಲಿಕತ್ತಿದ್ಳು. ತಲಿ ಎತ್ತಿ, "ಟೀಚರ್, ಒಂದು ಸಾಲು ಬಿಟ್ರಲ್ರಿ" ಅಂದ್ಳು.

ಎದ್ದು ಹೋಗಿ ನೋಡ್ದೆ. ಆಕಿ ಬೆರಳು ತಗಿಲಿಲ್ಲ, ಆಕಿ ಬೆರಳಿನ ಬಾಜೂ ನನ್ನ ಬೆರಳಿಟ್ಟೆ. ಬಂಡೆ ಅಲ್ಲೇ ಇತ್ತು. ನೀ ಬರದ ಜಾಗದಾಗೇ ಇತ್ತು. ನಾ ಅಲ್ಲೇ ಕುಂತು ಅತ್ತೆ. ಅಪ್ಪನ ನೆನಪಾಯ್ತು ಅಂತ ತಿಳಕೊಂಡು ಅವರು ನೀರು ಕೊಟ್ರು. ಹಂಗಲ್ಲ ಅಂತ ಅವರಿಗಿ ಹೇಳ್ಲಿಕ್ಕ ಧೈರ್ಯ ಆಗ್ಲಿಲ್ಲ. ಸೇಡಂದಾಗ ಬಸ್ಸಿಗಿ ಕುಂತಾಗ ಒಂದೇ ಯೋಚನಿ: ಪುಸ್ತಕ ನೋಡಲಾರದೇ ಅಂದ ನನ್ನ ಒಂದು ಮಾತಿಗಿ ನೀ ನಿನ್ನ ಇಷ್ಟು ವರ್ಷದ ಕೆಲಸ ತಪ್ಪಂದಿ, ಮಂದಿ ಮುಂದ ತಲಿ ಬಗ್ಗಿಸ್ದಿ. ನನ್ನ ಮ್ಯಾಲ ನಿನಗ ಯಾಕ ಅಷ್ಟು ನಂಬಿಗಿ ಇತ್ತು?

ಮರುದಿನ ಆ ಆ್ಯಪ್ ಮಾಡಿದವರಿಗಿ ಬರದೆ, ಪುಸ್ತಕದ ಹಾಳಿಯ ಫೋಟೋ, ನಿನ್ನ ಚೀಟಿಯ ಫೋಟೋ ಎರಡೂ ಕಳಿಸ್ದೆ. ವಾರಗಟ್ಟಲೆ ಸುದ್ದಿ ಇದ್ದಿಲ್ಲ. ಆಮ್ಯಾಲ ಉತ್ತರ ಬಂತು. ಪುಸ್ತಕ ನೋಡಿ ಟೈಪ್ ಮಾಡುವಾಗ ಅಲ್ಲಿ ಒಂದು ಸಾಲು ಜಿಗಿದಿತ್ತಂತ, ಇಷ್ಟು ದಿನ ಯಾರೂ ಹಿಡಿದಿದ್ದಿಲ್ಲಂತ, ಸರಿ ಮಾಡೀವಿ ಅಂದ್ರು. "ಇದನ್ನ ಹಿಡಿದವರು ಯಾವ ಕಾಲೇಜಿನವರು?" ಅಂತ ಕೇಳಿದ್ರು. ರಾವೂರ ಖಣಿಯವರು ಅಂತ ಬರದು ಕಳಿಸ್ದೆ. ಈಗ ಎಲ್ಲಾರ ಫೋನ್‌ದಾಗೂ ಆ ಸಾಲು ಅದ.

ಉತ್ತರ ಬಂದ ವಾರದ ಐತವಾರ ಗುಡ್ಯಾಗ ನೀ ನಿಂತ ಬೆಂಚಿನ ಹತ್ರನೇ ನಿಂತೆ. ಅಪ್ಪಂದು ತಪ್ಪಿದ್ದಿಲ್ಲ, ನಾ ಪುಸ್ತಕ ನೋಡಲಾರದೇ ನೋಡೀನಿ ಅಂದಿದ್ದೆ ಅಂದೆ. ಶಾಂತಮ್ಮ ಹೊರಗ ಬಂದ ಮ್ಯಾಲ ನನ್ನ ಕೈ ಹಿಡದ್ಳು. ಸಮಾಧಾನ ಹೇಳ್ತಾಳ ಅಂದುಕೊಂಡೆ. "ಅಂವಗ ಹೇಳಬೇಕಿತ್ತು" ಅಂದ್ಳು, ಕೈ ಬಿಟ್ಟು ಹೋದ್ಳು. ಆಕಿ ಅಂದಿದ್ದು ಖರೇನೇ ಅದ. ಅದಕ್ಕೇ ಬರೀಲಿಕತ್ತೀನಿ.

ಆ ಚೀಟಿ ಬ್ಯಾರೆ ಬರೀಬೇಕಂತ ಕತ್ತರಿ ತಗೊಂಡಿದ್ದೆ. ಬ್ಯಾಡ ಅನಿಸ್ತು. ಕೆಂಪು ಗೆರಿ ಹಂಗೇ ಇರಲಿ, "ತಪ್ಪು" ಅನ್ನೋದರ ಬಾಜೂಕ ನನ್ನ ಹೆಸರು ಬರದೀನಿ. ಈಗ ಶನಿವಾರಕ್ಕೊಮ್ಮೆ ಗುಡ್ಯಾಗ ಪಾಠ ಹೇಳ್ತೀನಿ, ಹೊಸ ಪುಸ್ತಕ, ಹೊಸ ಆ್ಯಪ್ ಹೆಂಗ ಬಳಸೋದು ಅಂತ. ಮೊದಲನೇ ದಿನ ಆ ಚೀಟಿನೇ ಎಲ್ಲಾರ ಕೈಗಿ ಕೊಡ್ತೀನಿ. ಫೋನ್ ನೋಡ್ರಿ, ಆಮ್ಯಾಲ ಪುಸ್ತಕ ತೆಗೀರಿ, ಸಾಲಿಗಿ ಕೈ ಮುಟ್ಟಸ್ರಿ ಅಂತೀನಿ.

ಪುನರುತ್ಥಾನದ ಹಬ್ಬಕ್ಕ, ಈಸ್ಟರ್ ಮುಂಜಾನೆ ಎಲ್ಲಾರೂ ಸಮಾಧಿಗಿ ಬರ್ತಾರ. ನಿನ್ನ ಕಲ್ಲಿಗಿ ಸುಣ್ಣ ಹಚ್ಚಿಸೀನಿ. ಮುಧೋಳದವರಿಗಿ ಹೇಳೀನಿ, ರತ್ನಮ್ಮ ಪುಸ್ತಕ ಹೊತ್ಕೊಂಡು ಮೊದಲನೇ ಬಸ್ಸಿಗೇ ಬರ್ತಾಳ. ಶಾಂತಮ್ಮನೂ ಬರ್ತಾಳ. ನಿನ್ನ ಮಣ್ಣಿನ್ಯಾಗ ಓದಲಾರದೇ ಬಿಟ್ಟಿದ್ದು ಅವತ್ತು ಓದ್ತೀನಿ, ಬಂಡೆ ಸಮೇತ, ಬೆರಳು ಹಚ್ಚಿ. ನೋಡೀನಿ ಅಂತ ಈ ಸಲ ಖರೇ ಹೇಳ್ತೀನಿ.

ನಿನ್ನ ಮಗಳು