ಅರ್ಧ ಹಾಡು ಕೇಳಿದ ನಿರ್ದೇಶಕರಿಗೆ

ಇಲಿ ತಿನ್ನುವ ನಿರ್ದೇಶಕರೇ,

ಹೌದು, ತಿಳಿದೇ ಹಾಗೆ ಕರೆದಿದ್ದೇನೆ. ನಾನು ಬೆಂಬಾ ಕುಲದ ಹೆಂಗಸು, ನೀವು ಎಂಗೋನಿ ಕುಲದ ಗಂಡಸು. ನಮ್ಮ ಹಿರಿಯರು ಬಡಿದಾಡಿ ಸುಸ್ತಾಗಿ, ಇನ್ನು ಈಟಿ ಬೇಡ, ಬಾಯಿ ಸಾಕು ಎಂದು ನಂಟು ಬೆಳೆಸಿಕೊಂಡವರು. ಅಂದಿನಿಂದ ನಾನು ನಿಮ್ಮನ್ನು ಇಲಿ ತಿನ್ನುವವರು ಎನ್ನಬಹುದು, ನೀವು ನನ್ನನ್ನು ಕೋತಿ ತಿನ್ನುವವಳು ಎನ್ನಬಹುದು. ಕೇಳಿ ಮುಖ ಊದಿಸಿಕೊಂಡವರು ಸೋತ ಹಾಗೆ. ಲುಸಾಕದ ಯಾವ ಬಸ್ಸು ಹತ್ತಿದರೂ ಈ ಜಗಳ ಕಿವಿಗೆ ಬೀಳುತ್ತದೆ. ನಾಡಿನ ರೇಡಿಯೋಗಳು ಏನು ಹಾಕಬೇಕು, ಏನು ಹಾಕಬಾರದು ಎಂದು ಅಪ್ಪಣೆ ಕೊಡುವ ನಿಮ್ಮ ಕಚೇರಿಯ ಕಿವಿಗೆ ಮಾತ್ರ ಬಿದ್ದಿಲ್ಲ. ಒಂದು ಹಾಡಿನಲ್ಲಿ ಇಂಥ ಬೈಗುಳ ಇದೆ ಎಂಬ ನೆಪ ಹಿಡಿದು ನೀವು ನನ್ನ ಮಗನ ತಂಡದ ಮೊದಲ ಆಲ್ಬಮ್ಮನ್ನು ನಿಷೇಧಿಸಿದ್ದೀರಿ, ಅವನನ್ನು ಠಾಣೆಯಲ್ಲಿ ಕೂಡಿಹಾಕಿಸಿದ್ದೀರಿ.

ಆಲ್ಬಮ್ಮಿನ ಹೆಸರು ‘ಕುದಿಸಿ ಕುಡಿಯಿರಿ’. ತಂಡದ ಹೆಸರು ‘ಕಪೆಂಟ’. ಬಡವರ ತಟ್ಟೆಯಲ್ಲಿ ಎನ್‌ಶಿಮಾ ಮುದ್ದೆಯ ಪಕ್ಕ ಕೂರುವ ಆ ಬೆರಳುದ್ದದ ಒಣಮೀನು ನಿಮ್ಮ ಊಟದ ಮೇಜಿಗೆ ಬಂದು ಬಹಳ ಕಾಲವಾಗಿರಬೇಕು. ಬರೆದು ಹಾಡುವವನು ನನ್ನ ಮಗ ಕಸೊಂಡೆ, ಅವನ ಜೊತೆ ದನಿಗೂಡಿಸುವವಳು ಲುಯಾಂಡೊ, ಗಿಟಾರು ಹಿಡಿದು ಜೊತೆಗೆ ನನ್ನ ಪಾತ್ರೆಗಳನ್ನೂ ಬಡಿಯುವವನು ಜೆರೆ. ಈ ಜೆರೆಯೂ ನಿಮ್ಮವನೇ, ಎಂಗೋನಿ. ಹಿಪ್‌ಹಾಪ್ ಅಂದರೆ ಚಿನ್ನದ ಸರ, ದೊಡ್ಡ ಕಾರು, ಸೊಂಟ ಕುಣಿಸುವ ಹುಡುಗಿಯರು ಎಂದು ನಾನೂ ತಿಳಿದಿದ್ದೆ. ಇವರ ಹಾಡುಗಳಲ್ಲಿ ಕೊಳಾಯಿ ಇದೆ, ಪಾಯಿಖಾನೆ ಗುಂಡಿ ಇದೆ, ಇದ್ದಿಲು ಇದೆ. ಗೋಡೆಗೆ ಹಾಸಿಗೆ ಒರಗಿಸಿ, ಕಿಟಕಿಗೆ ನನ್ನ ಸುತ್ತುಬಟ್ಟೆ ಹೊದಿಸಿ, ನನ್ನ ಮಲಗುವ ಕೋಣೆಯಲ್ಲೇ ಎಲ್ಲವನ್ನೂ ಧ್ವನಿಮುದ್ರಣ ಮಾಡಿಕೊಂಡರು. ನಾನು ಅಡುಗೆಮನೆಯಲ್ಲಿ ಮಲಗಿದೆ.

ನಮ್ಮ ಬೀದಿಯ ಕೊಳಾಯಿಗೂ ಪಾಯಿಖಾನೆ ಗುಂಡಿಗೂ ನಡುವೆ ಒಬ್ಬ ಹೆಂಗಸು ಬಕೆಟ್ಟು ಇಟ್ಟುಕೊಂಡು ನಿಲ್ಲುವಷ್ಟೇ ಜಾಗ. ಪ್ರತಿ ಮಳೆಗಾಲಕ್ಕೂ ಅಲ್ಲಿ ಹೊಸ ನೋಟೀಸು ಅಂಟಿಸುತ್ತಾರೆ: ಕುದಿಸಿ ಕುಡಿಯಿರಿ. ಅಪ್ಪಣೆ. ಯಾವ ಇದ್ದಿಲಿನಲ್ಲಿ ಕುದಿಸಬೇಕು? ಅನ್ನ ಬೇಯಿಸುವ ಇದ್ದಿಲಿನಲ್ಲೋ, ಬೇಯಿಸದೆ ಉಳಿಸಿದ ಇದ್ದಿಲಿನಲ್ಲೋ? ಕಸೊಂಡೆಯ ಮಗಳು ಮುಟಾಲೆಗೆ ಓದಲು ಬರುತ್ತಿರಲಿಲ್ಲ, ಬಾಯಾರಿಕೆ ಮಾತ್ರ ಆಗುತ್ತಿತ್ತು. ಹೋದ ಮಳೆಗಾಲದಲ್ಲಿ ಕಾಲರಾ ಡೇರೆಗೆ ಎತ್ತಿಕೊಂಡು ಹೋದೆವು. ಮಾರನೆಯ ದಿನ ಮುಚ್ಚಿದ ಪೆಟ್ಟಿಗೆ ಕೊಟ್ಟರು. ಮೈ ತೊಳೆಯಲು ಬಿಡಲಿಲ್ಲ, ಮುಖ ನೋಡಲು ಬಿಡಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕೆಂಬ ಆಸೆಯೂ ನನಗಿಲ್ಲ. ಕಸೊಂಡೆ ತನ್ನ ಸಿಟ್ಟನ್ನು ಹಾಡಿಗೆ ಸುರಿದ. ಹುಟ್ಟಿದ್ದು ಈ ಹಾಡು:

ಕುದಿಸು ಅಂತೀಯ, ಕೆಂಡ ಎಲ್ಲೈತೆ?
ನಿನ್ನ ನೋಟೀಸೇ ಸುಡ್ಲಾ, ನೀರು ಕಾಯ್ತೈತೆ?

ನಿಮ್ಮ ನಿಷೇಧದ ಆದೇಶದಲ್ಲಿ ಈ ಸಾಲುಗಳ ಸುದ್ದಿಯೇ ಇಲ್ಲ. ಇವು ನಿಮಗೆ ಚುಚ್ಚಲೇ ಇಲ್ಲವಂತೆ. ನಿಮಗೆ ಚುಚ್ಚಿದ್ದು ಇಲಿ!

ಆ ಇಲಿ ಹಾಡಿನೊಳಗೆ ಬಂದ ಬಗೆಯನ್ನೂ ಕೇಳಿ. ಅಂದು ನಾನು ಕುದಿಸಿ ಆರಲು ಇಟ್ಟಿದ್ದ ನೀರನ್ನೆಲ್ಲ ಜೆರೆ ಕುಡಿದು ಮುಗಿಸಿದ್ದ. ಕೋಣೆಯೊಳಗೆ ಧ್ವನಿಮುದ್ರಣ ನಡೆದಿದೆ ಎಂಬುದನ್ನೂ ಮರೆತು ನುಗ್ಗಿದೆ.

“ಏಯ್ ಇಲಿ ತಿನ್ನೋನೆ! ಹೊಲದಾಗಿನ ಇಲಿ ಮುಗೀತು ಅಂತ ನನ್ ನೀರಿಗೂ ಬಾಯಿ ಹಾಕಿದ್ಯಾ?”

“ಸುಮ್ನಿರಮ್ಮ ಕೋತಿ ತಿನ್ನೋಳೆ! ಕೋತಿ ಸುಲಿದ ಕೈಯಾಗೆ ಕಾಯಿಸಿದ್ದನ್ನ ಕುಡಿದೀನಿ, ನನ್ ಧೈರ್ಯಕ್ಕೆ ಸನ್ಮಾನ ಮಾಡು!”

ಲುಯಾಂಡೊ ನಕ್ಕು ನೆಲಕ್ಕೆ ಕೂತಳು. ಮಗಳು ಹೋದ ಮೇಲೆ ಕಸೊಂಡೆ ಮೊದಲ ಸಲ ನಕ್ಕದ್ದು ಆಗಲೇ. ಅದಕ್ಕೇ ಆ ಮಾತುಗಳನ್ನು ಹಾಡಿನಲ್ಲಿ ಹಾಗೆಯೇ ಉಳಿಸಿಕೊಂಡ. ಬೈಗುಳ, ಮರುಬೈಗುಳ, ನಗು, ಮೂರೂ ಅಲ್ಲಿವೆ. ನೀವು ನಿಮ್ಮ ಆದೇಶದಲ್ಲಿ ನನ್ನ ಸಾಲನ್ನು ಮಾತ್ರ ಎತ್ತಿ ಬರೆದು, ಜೆರೆಯ ಉತ್ತರವನ್ನು ನುಂಗಿ, ‘ಒಂದು ಜನಾಂಗದ ವಿರುದ್ಧ ದ್ವೇಷದ ಪ್ರಚೋದನೆ’ ಎಂದು ಷರಾ ಹಾಕಿದ್ದೀರಿ. ಅರ್ಧ ಹಾಡು ಕೇಳಿ ಪೂರ್ತಿ ಶಿಕ್ಷೆ ಕೊಡುವುದನ್ನು ಯಾವ ಕಾಲೇಜಿನಲ್ಲಿ ಕಲಿತಿರಿ?

ಮೊಕದ್ದಮೆಗೆ ನೊಂದವರೊಬ್ಬರು ಬೇಕಲ್ಲ. ಪೊಲೀಸರು ನಮ್ಮ ಬಡಾವಣೆಯ ಎಂಗೋನಿ ಮನೆಗಳ ಬಾಗಿಲು ತಟ್ಟಿ ಬಂದರು. ಎಲ್ಲೆಡೆಯೂ ನಗು ಸಿಕ್ಕಿತು, ಸಹಿ ಸಿಗಲಿಲ್ಲ. ಕೊನೆಗೆ ಬೈಸಿಕೊಂಡ ಜೆರೆಯನ್ನೇ ಕರೆಸಿದರು.

“ನಿನಗೆ ಅವಮಾನ ಆಗಿದೆ ತಾನೇ? ಹಾಕು ಸಹಿ.”

“ಆಗೈತೆ ಸಾರ್, ವಿಪರೀತ ಆಗೈತೆ. ನಾನು ತಿರುಗಿಸಿ ಬೈದಿದ್ದನ್ನೇ ಬಿಟ್ಟುಬಿಟ್ಟವ್ರೆ. ನಂದು ಅವ್ಳದ್ದಕ್ಕಿಂತ ಚೆನ್ನಾಗಿತ್ತು.”

ಅವನನ್ನು ಹೊರಗೆ ದಬ್ಬಿದರು. ಆ ಹೆಂಗಸಿನ ದನಿ ಯಾರದು ಎಂದು ಕಸೊಂಡೆಯನ್ನು ಕೇಳಿದ್ದಾರೆ, ಅವನು ಬಾಯಿ ಬಿಟ್ಟಿಲ್ಲ. ಅವನ ಬಾಯಿ ಬಿಡಿಸುವ ಶ್ರಮವೇಕೆ ಎಂದು ನಾನೇ ಠಾಣೆಗೆ ಹೋದೆ.

“ಆ ದನಿ ನಂದು. ಅವನನ್ನ ಬಿಟ್ಟು ನನ್ನ ಹಿಡ್ಕೊಳ್ಳಪ್ಪ.”

ಎಲ್ಲರ ಹಾಗೆ ನನ್ನನ್ನು ಬಾನಾ ಕಸೊಂಡೆ, ಅಂದರೆ ಕಸೊಂಡೆಯ ತಾಯಿ, ಎಂದೇ ಕರೆಯುವ ಇನ್ಸ್‌ಪೆಕ್ಟರು ತಲೆ ಕೆರೆದುಕೊಂಡರು. “ಬಾನಾ ಕಸೊಂಡೆ, ಟೊಮೇಟೊ ಮಾರೋ ಮುದುಕೀನ ಒಳಗೆ ಹಾಕಿದ್ರೆ ಊರು ನಗುತ್ತೆ. ಮೇಲಿನವರಿಗೆ ಹಾಡೋನೇ ಬೇಕಂತೆ. ನೀವು ಮನೆಗೆ ಹೋಗಿ.”

ಅಂದರೆ ಅಪರಾಧ ಮಾಡಿದವಳು ನಿಮಗೆ ಬೇಡ. ನೋಟೀಸು ಸುಡುತ್ತೇನೆ ಎಂದವನು ಬೇಕು. ಅದನ್ನೇ ನೇರವಾಗಿ ಬರೆದಿದ್ದರೆ ನಿಮ್ಮ ಮೇಲೆ ಇಷ್ಟು ಅಸಹ್ಯ ಹುಟ್ಟುತ್ತಿರಲಿಲ್ಲ.

ನಮ್ಮ ಪದ್ಧತಿ ನಿಮಗೆ ಗೊತ್ತಿರಲಿಲ್ಲ ಎಂದುಕೊಳ್ಳೋಣವೇ? ನನ್ನ ಗಂಡ ತೀರಿಕೊಂಡಾಗ ನೀವು ಇದೇ ಬಡಾವಣೆಯಲ್ಲಿ ಬಾಡಿಗೆಗಿದ್ದ ರೇಡಿಯೋ ಹುಡುಗ. ಅಳುವವರನ್ನು ನಗಿಸುವುದು ಬೈಗುಳದ ನೆಂಟರ ಕೆಲಸ ಎಂದು ನಮ್ಮ ಮನೆಗೆ ಬಂದಿರಿ. ಸತ್ತವನ ಕೋಟು ಹಾಕಿಕೊಂಡು, ಅವನ ಹಾಗೆಯೇ ಕಾಲೆಳೆದು ನಡೆದು ತೋರಿಸಿದಿರಿ. ಪೆಟ್ಟಿಗೆಗೆ ಅಡ್ಡ ಮಲಗಿ, “ಏಳೋ ಕೋತಿ ತಿನ್ನೋನೆ, ಕೆಲಸಗಳ್ಳ! ಸತ್ತಂಗೆ ನಾಟಕ ಆಡ್ತಾನೆ ನೋಡ್ರೋ!” ಎಂದು ಕೂಗಿದಿರಿ. ಮೂರು ದಿನದಿಂದ ನೀರೂ ಮುಟ್ಟದ ನಾನು ನಕ್ಕೆ, ನಕ್ಕ ಮೇಲೆ ಊಟ ಮಾಡಿದೆ. ಅದು ದ್ವೇಷದ ಪ್ರಚೋದನೆಯಾಗಿತ್ತೇ, ನಿರ್ದೇಶಕರೇ? ಆಗ ನಿಮ್ಮ ಮೇಲೆ ದೂರು ಕೊಡದೆ ನಾನು ತಪ್ಪು ಮಾಡಿದೆನೇ? ಆ ಹುಡುಗನಿಗೆ ಎಲ್ಲ ಗೊತ್ತಿತ್ತು. ಈಗ ಗೊತ್ತಿಲ್ಲದವರ ಹಾಗೆ ನಟಿಸುತ್ತಿದ್ದೀರಿ. ನಮ್ಮ ನಂಟನ್ನೇ ಕೋಲು ಮಾಡಿಕೊಂಡು ನಮ್ಮ ಮಕ್ಕಳನ್ನು ಹೊಡೆಯುತ್ತಿದ್ದೀರಿ.

ನನ್ನ ಬೇಡಿಕೆ ಇಷ್ಟು. ಕಸೊಂಡೆಯನ್ನು ಬಿಡಿಸಿ. ಆಲ್ಬಮ್ಮಿನ ಮೇಲಿನ ನಿಷೇಧ ತೆಗೆಯಿರಿ. ಮಳೆ ಹಿಡಿಯುವ ಮೊದಲು ಆ ಹಾಡು ಎಲ್ಲ ರೇಡಿಯೋಗಳಲ್ಲಿ ಬರಲಿ, ಪೂರ್ತಿಯಾಗಿ. ನನ್ನ ಮೇಲೆ ಸಿಟ್ಟಿದ್ದರೆ ರೇಡಿಯೋದಲ್ಲೇ ಕೂತು, ಹೊಟ್ಟೆ ತುಂಬ ಬೈಯಿರಿ. ಕೋತಿ ಅನ್ನಿ, ಕೋತಿಯ ಬಾಲ ಅನ್ನಿ, ಇಡೀ ಬೀದಿಯನ್ನು ಸೇರಿಸಿಕೊಂಡು ಕೇಳುತ್ತೇನೆ.

ಇದಾಗದಿದ್ದರೆ ನಮ್ಮ ಬಡಾವಣೆಯಲ್ಲಿ ಯಾರೂ ನಿಮ್ಮ ಮೇಲೆ ಕಲ್ಲೆಸೆಯುವುದಿಲ್ಲ, ನಿಮ್ಮನ್ನು ಬೈಯುವುದೂ ಇಲ್ಲ. ನೀವು ಎದುರಾದರೆ ಕೈ ಕಟ್ಟಿ ಪಕ್ಕಕ್ಕೆ ಸರಿದು, ತಲೆ ಬಗ್ಗಿಸಿ, ‘ಮಾನ್ಯರೇ’ ಎನ್ನುತ್ತೇವೆ, ಗುರುತಿಲ್ಲದವರಿಗೆ ಅನ್ನುವ ಹಾಗೆ.

ಇಂತಿ,
ಇವತ್ತಿನ ಮಟ್ಟಿಗೆ ಇನ್ನೂ ನಿಮ್ಮ ಕೋತಿ ತಿನ್ನುವವಳು,
ಠಾಣೆಯವರಿಗೂ ಬೇಡವಾದ ದನಿ,
ಬಾನಾ ಕಸೊಂಡೆ